ಸಣ್ಣ ಊರಿನ ಆಸುಪಾಸಿನಲ್ಲಿ ನಕ್ಷತ್ರ ನೋಡಲು ಜಾಗ ಹುಡುಕುವುದು ಹೇಗೆ: ಹಂತ ಹಂತವಾಗಿ

"ಅಷ್ಟು ದೂರ ಗಾಡಿ ಓಡಿಸಿಕೊಂಡು ಹೋದೆವು, ಮನೆ ತಾರಸಿ ಮೇಲೆ ಕಾಣುವಷ್ಟೇ ಕಂಡಿತು" ಅನ್ನುವವರು ತುಂಬ ಜನ ಸಿಗುತ್ತಾರೆ. ಏನು ಮಾಡಿದಿರಿ ಅಂತ ಕೇಳಿದರೆ ಎಲ್ಲರ ಕಥೆಯೂ ಹೆಚ್ಚುಕಡಿಮೆ ಒಂದೇ. ಶನಿವಾರ ಬಿಡುವಿತ್ತು, ಹೆಸರುವಾಸಿ ಬೆಟ್ಟ ಒಂದನ್ನು ಆರಿಸಿಕೊಂಡರು, ಕತ್ತಲಾದ ಮೇಲೆ ತಲುಪಿದರು. ಹೋಗಿ ನೋಡಿದರೆ ಗೇಟು ಹಾಕಿದೆ, ಇಲ್ಲವೇ ನೆತ್ತಿ ಮೇಲೆ ಅರ್ಧ ಚಂದ್ರ ಕೂತಿದ್ದಾನೆ. ತಪ್ಪಾಗಿರುವುದು ಕ್ರಮದಲ್ಲಿ. ಮೊದಲು ರಾತ್ರಿ ಆರಿಸಬೇಕು, ಆಮೇಲೆ ದಿಕ್ಕು, ಆಮೇಲೆ ಜಾಗ, ಕೊನೆಗೆ ಆ ದಿನದ ಮೋಡ. ಈ ಸಾಲು ತಿರುಗಿಸಿದರೆ ಪೆಟ್ರೋಲ್ ದಂಡ.

ಉದಾಹರಣೆಗೆ ಚಿತ್ರದುರ್ಗ ಜಿಲ್ಲೆಯ ಹಿರಿಯೂರನ್ನು ಇಟ್ಟುಕೊಂಡಿದ್ದೇನೆ. ಅರ್ಧ ಲಕ್ಷದಷ್ಟು ಜನ ಇರುವ ತಾಲ್ಲೂಕು ಊರು, ಪಕ್ಕದಲ್ಲೇ ಹೆದ್ದಾರಿ, ಮಳೆ ಕಮ್ಮಿ, ಸುತ್ತ ಬಯಲು. ನಿಮ್ಮದು ಬೇರೆ ಊರಾದರೂ ಕೆಲಸ ಇದೇ, ಹೆಸರುಗಳನ್ನು ಮಾತ್ರ ಬದಲಿಸಿಕೊಳ್ಳಿ.

ಹಂತ 1: ಗೋಡೆ ಕ್ಯಾಲೆಂಡರ್ ನೋಡಿ ರಾತ್ರಿ ಆರಿಸಿ

ಚಂದ್ರ ಮೇಲಿದ್ದರೆ ಎಂಥ ಒಳ್ಳೆ ಜಾಗವೂ ಪ್ರಯೋಜನಕ್ಕೆ ಬರುವುದಿಲ್ಲ. ಹುಣ್ಣಿಮೆ ಬೆಳಕಿಗೆ ಆಕಾಶಗಂಗೆ ಪೂರ್ತಿ ಅಳಿಸಿಹೋಗುತ್ತದೆ. ಅರ್ಧ ಚಂದ್ರ ಇದ್ದರೂ ಮಸುಕಾದ ನಕ್ಷತ್ರಗಳೆಲ್ಲ ಹೋದಂತೆಯೇ. ಇದನ್ನು ತಿಳಿಯಲು ಆ್ಯಪ್ ಬೇಕಿಲ್ಲ, ತಿಥಿ ಅಚ್ಚಾಗಿರುವ ಕ್ಯಾಲೆಂಡರ್ ಮನೆಯಲ್ಲಿದ್ದರೆ ಸಾಕು.

ಲೆಕ್ಕ ಸುಲಭ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಸಂಕಷ್ಟಿ ದಿನದ ಚಂದ್ರೋದಯದ ಹೊತ್ತು ಕ್ಯಾಲೆಂಡರಿನಲ್ಲೇ ಇರುತ್ತದೆ, ಉಪವಾಸ ಇರುವವರು ಅದನ್ನು ನೋಡಿಕೊಂಡೇ ಊಟಕ್ಕೆ ಕೂರುವುದು. ಸಾಮಾನ್ಯವಾಗಿ ರಾತ್ರಿ 9ರ ಆಚೀಚೆ. ಅಲ್ಲಿಂದ ದಿನಕ್ಕೆ 50 ನಿಮಿಷ ಸೇರಿಸುತ್ತ ಹೋಗಿ, ಕೃಷ್ಣ ಪಕ್ಷದ ಅಷ್ಟಮಿಗೆ ಚಂದ್ರ ಹುಟ್ಟುವುದು ಮಧ್ಯರಾತ್ರಿ ಆಗಿರುತ್ತದೆ. ಅಂದರೆ ಅಷ್ಟಮಿ ದಾಟಿದ ಮೇಲೆ ಸಂಜೆಯಿಂದ ಹನ್ನೆರಡರ ತನಕ ಆಕಾಶ ನಿಮ್ಮದೇ. ಅಮಾವಾಸ್ಯೆ ಕಳೆದ ಮೇಲೂ ಶುಕ್ಲ ಪಕ್ಷದ ಚೌತಿ ತನಕ ತೊಂದರೆ ಇಲ್ಲ. ಚೌತಿ ಚಂದ್ರ ಒಂಬತ್ತೂವರೆ ಹತ್ತರ ಒಳಗೆ ಮುಳುಗುತ್ತಾನೆ, ಆಮೇಲೆ ಬೆಳಗಿನ ತನಕ ಕತ್ತಲು.

ಇಲ್ಲಿ ಆಗುವ ದೊಡ್ಡ ತಪ್ಪು ಅಂದರೆ ಸರಿಯಾಗಿ ಅಮಾವಾಸ್ಯೆ ದಿನವೇ ಆಗಬೇಕು ಅಂತ ಕಾಯುವುದು. ಅಗತ್ಯ ಇಲ್ಲ. ಹಿಂದೆ ಮುಂದೆ ನಾಲ್ಕೈದು ದಿನ ಅಷ್ಟೇ ಚೆನ್ನಾಗಿರುತ್ತದೆ. ಅಮಾವಾಸ್ಯೆ ರಾತ್ರಿ ಹೊಲದ ಕಡೆ ಓಡಾಡಿದರೆ ಹಳ್ಳಿ ಜನ ಅನುಮಾನ ಪಡುವುದೂ ಜಾಸ್ತಿ, ಅದನ್ನು ಆರನೇ ಹಂತದಲ್ಲಿ ಹೇಳುತ್ತೇನೆ.

ದೀಪಾವಳಿ ಅಮಾವಾಸ್ಯೆಯನ್ನು ಬಿಟ್ಟುಬಿಡಿ. ಚಂದ್ರ ಇರುವುದಿಲ್ಲ, ಆದರೆ ಪಟಾಕಿ ಹೊಗೆ ಎರಡು ಮೂರು ದಿನ ತಗ್ಗಿನಲ್ಲಿ ನಿಂತಿರುತ್ತದೆ. ಶಿವರಾತ್ರಿ ಇದಕ್ಕೆ ತದ್ವಿರುದ್ಧ. ಬರುವುದು ಮಾಘ ಬಹುಳ ಚತುರ್ದಶಿ, ಚಂದ್ರ ಹುಟ್ಟುವುದೇ ಬೆಳಗಿನ ಜಾವ, ಬಯಲುಸೀಮೆಯಲ್ಲಿ ಆಗ ಆಕಾಶವೂ ತಿಳಿಯಾಗಿರುತ್ತದೆ, ಜಾಗರಣೆ ಅಂತ ಮನೆಯವರೆಲ್ಲ ಎದ್ದೇ ಇರುತ್ತಾರೆ. ವರ್ಷಕ್ಕೆ ಒಂದೇ ರಾತ್ರಿ ಹೋಗಲು ಆಗುವುದು ಅನ್ನುವವರಿಗೆ ನಾನು ಇದನ್ನೇ ಹೇಳುವುದು. ದೇವಸ್ಥಾನದ ಸೀರಿಯಲ್ ಸೆಟ್ಟು, ಫೋಕಸ್ ಲೈಟುಗಳಿಂದ ದೂರ ಇದ್ದರೆ ಆಯಿತು.

ಹಂತ 2: ಏನು ನೋಡಬೇಕು ಅಂತ ತೀರ್ಮಾನಿಸಿ, ತಿಂಗಳು ಅದರಿಂದ ಬರುತ್ತದೆ

"ನಕ್ಷತ್ರ ನೋಡಬೇಕು" ಅಂತ ಹೊರಟರೆ ಸಾಲದು. ಆಕಾಶಗಂಗೆಯ ದಟ್ಟ ಭಾಗ ಇರುವುದು ವೃಶ್ಚಿಕ, ಧನು ರಾಶಿಗಳ ಕಡೆ. ಜನವರಿ ಸಂಜೆ ಎಷ್ಟು ಹೊತ್ತು ಕೂತರೂ ಅದು ಸಿಗುವುದಿಲ್ಲ. ಫೋಟೋದಲ್ಲಿ ನೋಡಿದ್ದು ಕಾಣಲಿಲ್ಲ ಅಂತ ಬೇಸರ ಮಾಡಿಕೊಳ್ಳುವವರಲ್ಲಿ ಬಹಳ ಜನ ತಪ್ಪು ತಿಂಗಳಲ್ಲಿ ಹೋಗಿರುತ್ತಾರೆ.

ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಸಂಜೆ ಹೊತ್ತು ಕೃತ್ತಿಕಾ, ರೋಹಿಣಿ, ಮಹಾವ್ಯಾಧ (ಓರಿಯನ್), ಲುಬ್ಧಕ (ಸಿರಿಯಸ್), ದಕ್ಷಿಣಕ್ಕೆ ಅಗಸ್ತ್ಯ (ಕೆನೋಪಸ್). ಮೊದಲ ಸಲ ಹೋಗುವವರಿಗೆ ಇದೇ ಸರಿ. ನಕ್ಷತ್ರಗಳು ದೊಡ್ಡವು, ಗುರುತು ಹಿಡಿಯುವುದು ಸುಲಭ, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಡಿಸೆಂಬರ್ 13, 14ರ ರಾತ್ರಿ ಜೆಮಿನಿಡ್ ಉಲ್ಕಾಪಾತ ಇರುತ್ತದೆ. ಆ ವರ್ಷ ಆ ದಿನ ಚಂದ್ರ ಇದ್ದಾನೋ ಇಲ್ಲವೋ ಮೊದಲೇ ನೋಡಿಕೊಳ್ಳಿ.

ಮಾರ್ಚಿನಲ್ಲಿ ಆಕಾಶಗಂಗೆಯ ದಟ್ಟ ಭಾಗ ಕಾಣುವುದು ಬೆಳಗಿನ ಜಾವ. ಏಪ್ರಿಲ್‌ನಲ್ಲಿ ನಡುರಾತ್ರಿ ಕಳೆದ ಮೇಲೆ ಆಗ್ನೇಯದಲ್ಲಿ ಏರುತ್ತದೆ. ಮೇ ತಿಂಗಳಲ್ಲಿ ಹತ್ತೂವರೆ ಹನ್ನೊಂದಕ್ಕೇ ಸಿಗುತ್ತದೆ, ಆದರೆ ಅಷ್ಟು ಹೊತ್ತಿಗೆ ಗುಡುಗು ಮೋಡಗಳ ಕಾಟ. ಒಂದು ಸಮಾಧಾನ ಇದೆ: ಭರಣಿ ಮಳೆ ಒಂದು ಜೋರಾಗಿ ಹೊಯ್ದು ಹೋದ ಮರುದಿನ ಗಾಳಿಯಲ್ಲಿನ ಧೂಳೆಲ್ಲ ಕೂತುಬಿಟ್ಟಿರುತ್ತದೆ. ಅಂಥ ರಾತ್ರಿ ಸಿಕ್ಕರೆ ಕೆಲಸ ಬದಿಗಿಟ್ಟು ಹೋಗಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಯೋಜನೆ ಹಾಕಬೇಡಿ. ಹಿರಿಯೂರು ಕಡೆ ಮಳೆ ಬೀಳದಿದ್ದರೂ ಪಡುವಣ ಗಾಳಿಗೆ ಮೋಡ ಓಡುತ್ತಲೇ ಇರುತ್ತದೆ. ಅಕ್ಟೋಬರಿನಲ್ಲಿ ಮಳೆ ಬಿಡುವು ಕೊಟ್ಟರೆ ಏಳೂವರೆಗೆ ನೈಋತ್ಯದಲ್ಲಿ ಆಕಾಶಗಂಗೆಯ ಅದೇ ದಟ್ಟ ಭಾಗ ಇಳಿಯುತ್ತಿರುತ್ತದೆ. ನಿದ್ದೆ ಕೆಡದೆ ಅದನ್ನು ನೋಡಬೇಕು ಅನ್ನುವವರಿಗೆ ಇದೇ ಒಳ್ಳೆ ಅವಕಾಶ.

ಹಂತ 3: ಊರಿನ ಯಾವ ಕಡೆ ಹೋಗಬೇಕು?

ಇದೇ ಮುಖ್ಯವಾದ ಹಂತ, ಜಾಸ್ತಿ ಜನ ಹಾರಿಸಿಬಿಡುವುದೂ ಇದನ್ನೇ. ಎಷ್ಟು ದೂರ ಹೋಗಬೇಕು ಅಂತ ಎಲ್ಲರೂ ಕೇಳುತ್ತಾರೆ, ಯಾವ ಕಡೆ ಹೋಗಬೇಕು ಅಂತ ಕೇಳುವುದಿಲ್ಲ.

ಹಿರಿಯೂರು ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ಧ್ರುವ ನಕ್ಷತ್ರ ಆಕಾಶದ ಉತ್ತರದ ಅಂಚಿನಿಂದ 14 ಡಿಗ್ರಿ ಮೇಲಿರುತ್ತದೆ, ಅಷ್ಟೇ (ಅಂಚಿನಿಂದ ನೆತ್ತಿಗೆ 90 ಡಿಗ್ರಿ). ದಕ್ಷಿಣದ ಕಡೆ ಮಾತ್ರ ನಮಗೆ ಭಾಗ್ಯ. ಲಂಡನ್, ನ್ಯೂಯಾರ್ಕಿನಲ್ಲಿ ಇರುವವರಿಗೆ ಎಂದೂ ಕಾಣದ ಅಗಸ್ತ್ಯ ನಕ್ಷತ್ರ ಇಲ್ಲಿ 23 ಡಿಗ್ರಿ ತನಕ ಏರುತ್ತದೆ. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ತ್ರಿಶಂಕು ಅನ್ನುವ ಶಿಲುಬೆ ಆಕಾರದ ನಕ್ಷತ್ರಪುಂಜ ನೆಟ್ಟಗೆ ನಿಂತ ಹಾಗೆ ಕಾಣುತ್ತದೆ, ಅದರ ಬುಡದ ನಕ್ಷತ್ರ ಬರೀ 13 ಡಿಗ್ರಿ ಎತ್ತರದಲ್ಲಿ. ಒಮೆಗಾ ಸೆಂಟಾರಿ ಅನ್ನುವ ದೊಡ್ಡ ನಕ್ಷತ್ರಗುಚ್ಛ 28 ಡಿಗ್ರಿ ತನಕ ಬರುತ್ತದೆ. ನಮ್ಮ ಆಕಾಶದ ಒಳ್ಳೊಳ್ಳೆ ಸರಕೆಲ್ಲ ದಕ್ಷಿಣದಲ್ಲಿ, ಅದೂ ತಗ್ಗಿನಲ್ಲಿ. ಊರಿನ ಬೆಳಕು ಮೊದಲು ಹಾಳು ಮಾಡುವುದೂ ತಗ್ಗಿನ ಆಕಾಶವನ್ನೇ.

ಹಾಗಾಗಿ ನಿಯಮ ಒಂದೇ: ಊರನ್ನು ಉತ್ತರಕ್ಕೆ ಬಿಟ್ಟು ದಕ್ಷಿಣಕ್ಕೆ ಹೋಗಿ. ದಕ್ಷಿಣಕ್ಕೆ ಮುಖ ಮಾಡಿ ನಿಂತಾಗ ಊರಿನ ಬೆಳಕು ಬೆನ್ನಿಗೆ ಬರಬೇಕು.

ಹಿರಿಯೂರಿಗೆ ಹಚ್ಚಿ ನೋಡೋಣ. ಉತ್ತರಕ್ಕೆ ಚಳ್ಳಕೆರೆ ದಾರಿ ಹಿಡಿದರೆ ಹಿರಿಯೂರಿನ ಬೆಳಕು ಸರಿಯಾಗಿ ದಕ್ಷಿಣದಲ್ಲೇ ಬಂದು ಕೂರುತ್ತದೆ, ಬೇಡ. ವಾಯವ್ಯಕ್ಕೆ ಚಿತ್ರದುರ್ಗ, ಗುಡ್ಡದ ಮೇಲೆಲ್ಲ ಗಾಳಿಯಂತ್ರ, ರಾತ್ರಿಯಿಡೀ ಮಿನುಗುವ ಕೆಂಪು ದೀಪ. ಆಗ್ನೇಯಕ್ಕೆ ಶಿರಾ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 48, ಅಲ್ಲಿ ಲಾರಿಗಳ ಹೆಡ್‌ಲೈಟು, ಡಾಬಾಗಳ ಬೆಳಕು. ಉಳಿಯುವುದು ದಕ್ಷಿಣ ಮತ್ತು ನೈಋತ್ಯ, ಅಂದರೆ ಹುಳಿಯಾರು ದಾರಿಯಿಂದ ಒಳಗೆ ತಿರುಗುವ ಸಣ್ಣ ರಸ್ತೆಗಳು. ಹುಳಿಯಾರು ಚಿಕ್ಕ ಊರು, ದಕ್ಷಿಣದಲ್ಲಿದ್ದರೂ ಅದರ ಬೆಳಕು ಅಷ್ಟು ಏಳುವುದಿಲ್ಲ. ವಾಣಿವಿಲಾಸ ಸಾಗರದ ಕಡೆಯೂ ಬಯಲಿದೆ, ಆದರೆ ರಾತ್ರಿ ಹೊತ್ತು ಅಣೆಕಟ್ಟಿನ ಹತ್ತಿರ ಹೋಗುವಂತಿಲ್ಲ, ನೀರಿಗೆ ತೀರಾ ಹತ್ತಿರ ಕೂತರೆ ಚಳಿಗಾಲದಲ್ಲಿ ಇಬ್ಬನಿಯೂ ಬೇಗ ಬೀಳುತ್ತದೆ.

ದೂರದ ಲೆಕ್ಕಕ್ಕೆ ಮರ್ಲ್ ವಾಕರ್ ಅನ್ನುವ ಅಮೆರಿಕದ ಖಗೋಳಜ್ಞ 1970ರ ದಶಕದಲ್ಲಿ ಕೊಟ್ಟ ಸೂತ್ರ ಇದೆ. ದೂರ ಎರಡು ಪಟ್ಟಾದರೆ ಊರಿನ ಬೆಳಕು ಸುಮಾರು ಆರನೇ ಒಂದು ಪಾಲಿಗೆ ಇಳಿಯುತ್ತದೆ. 50,000 ಜನರ ಊರಿಗೆ ಆ ಸೂತ್ರ ಹಾಕಿದರೆ, ಊರಿನ ದಿಕ್ಕಿನಲ್ಲಿ ಅಂಚಿಗೂ ನೆತ್ತಿಗೂ ನಡುಮಧ್ಯದ ಆಕಾಶ 10 ಕಿಲೋಮೀಟರಿನಲ್ಲಿ ಸಹಜಕ್ಕಿಂತ ಎರಡೂವರೆ ಪಟ್ಟು ಬೆಳ್ಳಗಿರುತ್ತದೆ. 20 ಕಿಲೋಮೀಟರಿಗೆ ಹೆಚ್ಚುವರಿ ಬೆಳಕು ಸಹಜದ ಕಾಲು ಭಾಗಕ್ಕೆ ಬರುತ್ತದೆ, 30ಕ್ಕೆ ಹತ್ತನೇ ಒಂದು ಭಾಗಕ್ಕೆ. ಎಲ್ಲ ಊರಿನ ದೀಪವೂ ಒಂದೇ ಥರ ಇರುವುದಿಲ್ಲ, ಇದು ಅಂದಾಜು ಮಾತ್ರ. ಆದರೂ ತಾತ್ಪರ್ಯ ಸ್ಪಷ್ಟ: ಮೊದಲ 15-20 ಕಿಲೋಮೀಟರಿನಲ್ಲೇ ದೊಡ್ಡ ಲಾಭ, ಅದರಾಚೆಗೆ ಲಾಭ ನಿಧಾನ. ತಾಲ್ಲೂಕು ಊರಿನವರು 100 ಕಿಲೋಮೀಟರ್ ಹೋಗಿ ಬರುವುದು ಸುಮ್ನೆ ಆಯಾಸ.

ಹಂತ 4: ಮ್ಯಾಪ್ ನೋಡಿ, ಆದರೆ ಪೂರ್ತಿ ನಂಬಬೇಡಿ

ಇಂಟರ್ನೆಟ್‌ನಲ್ಲಿ ಲೈಟ್ ಪೊಲ್ಯೂಷನ್ ಮ್ಯಾಪ್ ಅಂತ ಹುಡುಕಿದರೆ ಬಣ್ಣಬಣ್ಣದ ನಕ್ಷೆ ಸಿಗುತ್ತದೆ. ಕೆಲವು ನಕ್ಷೆಗಳಲ್ಲಿ ಬಾರ್ಟಲ್ ಅಂಕಿ ಇರುತ್ತದೆ. ಜಾನ್ ಬಾರ್ಟಲ್ ಅನ್ನುವವರು 2001ರಲ್ಲಿ ಮಾಡಿದ ಅಳತೆ ಇದು. 1 ಅಂದರೆ ಕಡುಗತ್ತಲು, 9 ಅಂದರೆ ಬೆಂಗಳೂರಿನ ನಡುಮಧ್ಯದಂಥ ಜಾಗ. ತಾಲ್ಲೂಕು ಊರಿನಿಂದ 20 ಕಿಲೋಮೀಟರ್ ಒಳಗೆ 4 ಸಿಕ್ಕರೆ ಖುಷಿಪಡಿ, 3 ಸಿಕ್ಕರೆ ಆ ಜಾಗ ಬಿಡಬೇಡಿ.

ಆ ನಕ್ಷೆಗೆ ಮೂರು ಕುರುಡು ಜಾಗಗಳಿವೆ. ಒಂದು, ಮಾಹಿತಿ ಕೊಡುವ ಉಪಗ್ರಹ ನಮ್ಮ ಮೇಲೆ ಹಾಯುವುದು ರಾತ್ರಿ ಒಂದೂವರೆ ಹೊತ್ತಿಗೆ. ಸಂಜೆ ಎಂಟಕ್ಕೆ ಉರಿಯುವ ಅಂಗಡಿ ದೀಪ, ಪೆಂಡಾಲ್ ದೀಪ ಅದರ ಲೆಕ್ಕಕ್ಕೆ ಬರುವುದಿಲ್ಲ. ಎರಡು, ಅದರ ಕಣ್ಣಿಗೆ ನೀಲಿ ಬೆಳಕು ಸರಿಯಾಗಿ ಕಾಣುವುದಿಲ್ಲ, ಬಿಳಿ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ. ಹಾಗಾಗಿ ಹಳೆ ಹಳದಿ ದೀಪ ತೆಗೆದು ಎಲ್‌ಇಡಿ ಹಾಕಿದ ಊರು ನಕ್ಷೆಯಲ್ಲಿ ಕತ್ತಲಾದಂತೆ ತೋರುತ್ತದೆ, ನಿಜಕ್ಕೆ ಆಕಾಶ ಇನ್ನೂ ಬೆಳ್ಳಗಾಗಿರಬಹುದು.

ಮೂರನೆಯದು ನಮ್ಮ ಹೊಲಗಳದ್ದೇ. ಸೇವಂತಿಗೆ ಬೇಗ ಹೂ ಬಿಡದಿರಲಿ ಅಂತ ಕೆಲವು ಕಡೆ ರಾತ್ರಿ ಹೊತ್ತು ತೋಟಕ್ಕೆಲ್ಲ ಬಲ್ಬು ಕಟ್ಟುತ್ತಾರೆ, ಡ್ರ್ಯಾಗನ್ ಫ್ರೂಟ್ ತೋಟಕ್ಕೂ ಕಟ್ಟುವುದುಂಟು. ಎಕರೆಗಟ್ಟಲೆ ದೀಪ. ವರ್ಷದ ಸರಾಸರಿ ನಕ್ಷೆಯಲ್ಲಿ ಅದು ಇಲ್ಲದೇ ಇರಬಹುದು, ಹೋಗಿ ನಿಂತಾಗ ಕಣ್ಣೆದುರೇ ಇರುತ್ತದೆ.

ಹೀಗಾಗಿ ನಕ್ಷೆಯಿಂದ ಒಂದೇ ಜಾಗ ತೆಗೆಯಬೇಡಿ, ಮೂರು ತೆಗೆಯಿರಿ. ಆಮೇಲೆ ಗೂಗಲ್ ಮ್ಯಾಪ್ಸ್‌ನಲ್ಲಿ ಸ್ಯಾಟಲೈಟ್ ನೋಟ ಹಾಕಿ ಸುತ್ತ 2 ಕಿಲೋಮೀಟರಿನಲ್ಲಿ ಕ್ರಷರ್, ಕೋಳಿ ಫಾರಂ, ಟೋಲ್, ಪೆಟ್ರೋಲ್ ಬಂಕ್, ಸಬ್‌ಸ್ಟೇಷನ್, ಸೋಲಾರ್ ಪಾರ್ಕಿನ ಬೇಲಿ ಇದೆಯೇ ನೋಡಿ. ಇದ್ದರೆ ಆ ಜಾಗ ಕೈಬಿಡಿ.

ಹಂತ 5: ಹಗಲಲ್ಲಿ ಒಮ್ಮೆ ಹೋಗಿ ಬನ್ನಿ

ಕತ್ತಲಲ್ಲಿ ಹೊಸ ಜಾಗಕ್ಕೆ ಹೋಗುವುದು ಬೇಡವೇ ಬೇಡ. ಸಂಜೆ ನಾಲ್ಕರ ಸುಮಾರಿಗೆ ಹೋಗಿ, ಕತ್ತಲಾಗುವ ತನಕ ಅಲ್ಲೇ ಇದ್ದು ಬನ್ನಿ.

ಮೊದಲು ದಕ್ಷಿಣದ ಅಂಚು ನೋಡಿ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ದಕ್ಷಿಣಕ್ಕೆ ಮುಖ ಮಾಡಿ ನೆಲ ಆಕಾಶ ಸೇರುವ ಗೆರೆ ಮೇಲೆ ಮುಷ್ಟಿ ಇಡಿ. ಮರ, ಗುಡ್ಡ ಮುಷ್ಟಿಗಿಂತ ಕೆಳಗೇ ನಿಂತರೆ ಜಾಗ ಪಾಸು. ಒಂದೂವರೆ ಮುಷ್ಟಿ ಬಂದರೆ ತ್ರಿಶಂಕುವಿನ ಬುಡ ಹೋಯಿತು. ಎರಡೂವರೆ ಮುಷ್ಟಿ ಮುಚ್ಚಿದರೆ ಅಗಸ್ತ್ಯನೂ ಇಲ್ಲ. ಅಡಿಕೆ, ತೆಂಗಿನ ತೋಟದ ಪಕ್ಕದ ಜಾಗಗಳು ಹೆಚ್ಚಾಗಿ ಇಲ್ಲೇ ಫೇಲಾಗುತ್ತವೆ. ಉತ್ತರಕ್ಕೆ ಒಂದು ಸಣ್ಣ ಗುಡ್ಡ ಇದ್ದರೆ ಮಾತ್ರ ಒಳ್ಳೆಯದೇ, ಊರಿನ ಬೆಳಕನ್ನು ಅದು ತಡೆಯುತ್ತದೆ.

ಬೆಟ್ಟದ ತುದಿಯೇ ಬೇಕು ಅನ್ನುವ ಹಟ ಬಿಡಿ. ನಂದಿ ಬೆಟ್ಟಕ್ಕಾಗಲಿ ಚಿತ್ರದುರ್ಗದ ಜೋಗಿಮಟ್ಟಿಯಂಥ ಅರಣ್ಯಕ್ಕಾಗಲಿ ರಾತ್ರಿ ಬಿಡುವುದಿಲ್ಲ. ತುದಿ ಮೇಲೆ ನಿಂತರೆ ಸುತ್ತಲಿನ ಹತ್ತು ಊರಿನ ದೀಪ ನೇರ ಕಣ್ಣಿಗೆ ಹೊಡೆಯುತ್ತದೆ, ಗಾಳಿಯೂ ವಿಪರೀತ. ಸ್ವಲ್ಪ ತಗ್ಗಾದ, ಬೆಳೆ ಕೊಯ್ದು ಖಾಲಿಯಾದ ಹೊಲ ಅದಕ್ಕಿಂತ ಎಷ್ಟೋ ಮೇಲು. ಜೋಳ, ಕಡಲೆ, ಶೇಂಗಾ ತೆಗೆದ ನೆಲ ನೋಡಿ. ಕೆರೆ ಏರಿ ಬೇಡ.

ಆಮೇಲೆ ಪಂಪ್‌ಸೆಟ್ ಲೆಕ್ಕ. ಕರೆಂಟ್ ಬಂದದ್ದು ದೂರಕ್ಕೆ ಗೊತ್ತಾಗಲಿ ಅಂತ ರೈತರು ಮೋಟರ್ ಮನೆ ಮೇಲೆ ಬಲ್ಬು ಹಾಕಿರುತ್ತಾರೆ. ಹಗಲಲ್ಲಿ ಅದು ಗಮನಕ್ಕೆ ಬರುವುದಿಲ್ಲ. ತ್ರೀ ಫೇಸ್ ರಾತ್ರಿ ಪಾಳಿ ಇರುವ ವಾರ ಸರಿ ರಾತ್ರಿಯಲ್ಲಿ ಹತ್ತಾರು ಬಲ್ಬು ಒಟ್ಟಿಗೆ ಹತ್ತಿಕೊಳ್ಳುತ್ತವೆ. "ಅಣ್ಣಾ, ಈ ವಾರ ಕರೆಂಟ್ ಹಗಲೋ ರಾತ್ರಿಯೋ?" ಅಂತ ಅಲ್ಲಿನವರನ್ನು ಕೇಳಿ. ಇದನ್ನು ಯಾವ ಆ್ಯಪ್ ಕೂಡ ಹೇಳುವುದಿಲ್ಲ.

ಕೊನೆಗೆ ಕತ್ತಲಾದ ಮೇಲೆ ಒಂದರ್ಧ ಗಂಟೆ ನಿಂತು ನೋಡಿ. ಪಂಚಾಯ್ತಿ ಹೈಮಾಸ್ಟ್ ದೀಪ ಎಲ್ಲಿಂದ ಕಾಣುತ್ತದೆ, ರಸ್ತೆ ತಿರುವಿನಲ್ಲಿ ಬರುವ ಗಾಡಿಯ ಹೆಡ್‌ಲೈಟ್ ಎಲ್ಲಿ ಬೀಳುತ್ತದೆ, ಇವೆಲ್ಲ ಆಗಲೇ ತಿಳಿಯುವುದು. ಹತ್ತು ಹೆಜ್ಜೆ ಸರಿದು ಒಂದು ಬೇಲಿ ಸಾಲಿನ ಮರೆಗೆ ಕೂತರೆ ಸರಿಹೋಗುವುದೂ ಉಂಟು.

ಹಂತ 6: ಕೇಳಿ, ಹೇಳಿ, ಆಮೇಲೆ ಕೂರಿ

ಹೊಲ ಯಾರದ್ದು ಅಂತ ತಿಳಿದುಕೊಂಡು ಅವರನ್ನೇ ಕೇಳಿ. ಬಹುತೇಕ ಎಲ್ಲರೂ ಒಪ್ಪುತ್ತಾರೆ, ಮಕ್ಕಳನ್ನು ಕಳಿಸುತ್ತೇವೆ ತೋರಿಸಿ ಅನ್ನುತ್ತಾರೆ. ಕೇಳದೆ ಹೋದರೆ ಮಾತ್ರ ಕಷ್ಟ. ಬೋರ್‌ವೆಲ್ ಕೇಬಲ್ ಕಳ್ಳತನ ಹಳ್ಳಿಗಳಲ್ಲಿ ಮಾಮೂಲಾಗಿದೆ, ಹಳೆ ಗುಡಿಗಳ ಹತ್ತಿರ ನಿಧಿ ಅಗೆಯುವವರ ಕಾಟವೂ ಇದೆ. ಅಮಾವಾಸ್ಯೆ ಹತ್ತಿರದ ರಾತ್ರಿ, ಗುರುತಿಲ್ಲದ ನಾಲ್ಕು ಜನ, ಕೆಂಪು ದೀಪ, ಟ್ರೈಪಾಡ್: ನೋಡಿದವರು ಏನಂದುಕೊಳ್ಳಬೇಕು ಹೇಳಿ? ಹೊಲದವರಿಗೆ, ಹತ್ತಿರದ ಮನೆಯವರಿಗೆ ಹಗಲಲ್ಲೇ ಹೇಳಿಟ್ಟು ಅವರ ಫೋನ್ ನಂಬರ್ ಇಟ್ಟುಕೊಳ್ಳಿ. ಪಾಳು ಗುಡಿ, ಕೋಟೆ, ವೀರಗಲ್ಲು ಇರುವ ಕಡೆ ಕೂರಬೇಡಿ. ದೊಡ್ಡ ಗುಂಪಾದರೆ ಸ್ಥಳೀಯ ಠಾಣೆಗೂ ಒಂದು ಮಾತು ತಿಳಿಸಿ. ತುರ್ತಿಗೆ 112.

ಕಾಡುಪ್ರಾಣಿ ವಿಷಯ ಹಗುರಾಗಿ ತೆಗೆದುಕೊಳ್ಳಬೇಡಿ. ಚಿತ್ರದುರ್ಗ, ತುಮಕೂರು ಕಡೆಯ ಕಲ್ಲುಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಬಂಡೆಗಳ ಬುಡ, ಸೀತಾಫಲ ಪೊದೆ, ಹಳ್ಳದ ದಂಡೆ ಬಿಟ್ಟು ಬಯಲಿನ ಮಧ್ಯೆ ಇರಿ. ಇತ್ತೀಚೆಗೆ ಚಿರತೆ ಬಂದಿತ್ತೇ ಅಂತ ಊರಲ್ಲಿ ಕೇಳಿ, ಹೌದು ಅಂದರೆ ಆ ತಿಂಗಳು ಆ ಕಡೆ ಹೋಗಬೇಡಿ. ಹಾವಿನ ಸಲುವಾಗಿ ಶೂ ಹಾಕಿ, ನಡೆಯುವಾಗ ಬಿಳಿ ಟಾರ್ಚೇ ಹಾಕಿಕೊಂಡು ನಡೆಯಿರಿ. ಕತ್ತಲಿಗೆ ಹೊಂದಿಕೊಂಡ ಕಣ್ಣು ಅದರಿಂದ ಕೆಟ್ಟರೂ ಸ್ವಲ್ಪ ಹೊತ್ತಿಗೆ ಮತ್ತೆ ಹೊಂದಿಕೊಳ್ಳುತ್ತದೆ. ಅಕಸ್ಮಾತ್ ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಏನೂ ಮಾಡದೆ ನೇರ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಒಬ್ಬರೇ ಹೋಗಬೇಡಿ.

ಹಂತ 7: ಆ ದಿನದ ಆಕಾಶ ಓದುವುದು

ಇಷ್ಟೆಲ್ಲ ಆದ ಮೇಲೆ ಮೋಡದ ಸರದಿ. ಮೂರು ದಿನ ಮೊದಲು ಮುನ್ಸೂಚನೆ ನೋಡಬಹುದು, ಆದರೆ ತೀರ್ಮಾನ ಅದೇ ದಿನ ಸಂಜೆ. ಹವಾಮಾನ ಇಲಾಖೆಯ ಜಾಲತಾಣದಲ್ಲಿ ಇನ್ಸಾಟ್ ಉಪಗ್ರಹದ ಚಿತ್ರಗಳಿರುತ್ತವೆ. ರಾತ್ರಿಗೆ ಬೇಕಾದ್ದು ಇನ್‌ಫ್ರಾರೆಡ್ ಚಿತ್ರ, ಅಂದರೆ ಬೆಳಕಿನ ಬದಲು ಶಾಖ ನೋಡಿ ತೆಗೆದದ್ದು. ಒಂದೇ ಚಿತ್ರ ನೋಡಿ ಬಿಡಬೇಡಿ, ಹಿಂದಿನ ಮೂರು ನಾಲ್ಕು ಗಂಟೆಯದನ್ನು ಸಾಲಾಗಿ ನೋಡಿದರೆ ಮೋಡ ಯಾವ ಕಡೆಗೆ ಸರಿಯುತ್ತಿದೆ ಅಂತ ತಿಳಿಯುತ್ತದೆ. ಒಂದು ಎಚ್ಚರಿಕೆ: ತೀರಾ ಕೆಳಗಿನ ಮೋಡ, ಮಂಜು ನೆಲದಷ್ಟೇ ಬೆಚ್ಚಗಿರುತ್ತದೆ, ಹಾಗಾಗಿ ಈ ಚಿತ್ರದಲ್ಲಿ ಅದು ಸರಿಯಾಗಿ ಬೀಳುವುದಿಲ್ಲ. ಮಲೆನಾಡಿನವರು ಇದನ್ನು ನೆನಪಿಡಬೇಕು. ಚಿತ್ರ ಖಾಲಿ, ಹೊರಗೆ ಬಂದರೆ ಕಾವಳ.

ಮೋಡ ಇಲ್ಲ ಅಂದಾಕ್ಷಣ ಆಕಾಶ ತಿಳಿ ಅಂತ ಅಲ್ಲ. ಧೂಳು, ಹೊಗೆ ಬೇರೆಯೇ ತೊಂದರೆ. ಮಧ್ಯಾಹ್ನ ಮನೆ ಮೂಲೆಯ ಮರೆಗೆ ಸೂರ್ಯನನ್ನು ಪೂರ್ತಿ ಮುಚ್ಚುವ ಹಾಗೆ ನಿಂತು, ಪಕ್ಕದ ಆಕಾಶ ನೋಡಿ. ಸೂರ್ಯನನ್ನು ನೇರ ನೋಡಬೇಡಿ. ಗೋಡೆಯ ಅಂಚಿನ ತನಕ ಗಾಢ ನೀಲಿ ಇದ್ದರೆ ರಾತ್ರಿ ಚೆನ್ನಾಗಿರುತ್ತದೆ. ಸುತ್ತ ಬೆಳ್ಳಗೆ ಹರಡಿಕೊಂಡಿದ್ದರೆ ಧೂಳು ಜಾಸ್ತಿ. ಸಂಜೆ ಸೂರ್ಯ ಮುಳುಗುವ ಮೊದಲೇ ಕೆಂಪು ಬಿಲ್ಲೆಯಾಗಿ, ಅಂಚು ಮುಟ್ಟುವ ಮುಂಚೆಯೇ ಮಾಯವಾದರೆ ಅದೂ ಅದೇ ಸೂಚನೆ. ಫೆಬ್ರವರಿ ಕೊನೆಯಿಂದ ಬದು ಸುಡುವ ಹೊಗೆ, ಕಬ್ಬಿನ ಸೀಮೆಯಲ್ಲಿ ರವದಿ ಸುಡುವ ಹೊಗೆ ಸಂಜೆ ತಗ್ಗಿನಲ್ಲೇ ನಿಲ್ಲುತ್ತದೆ. ನಮಗೆ ಬೇಕಾದ ದಕ್ಷಿಣದ ಅಂಚನ್ನೇ ಅದು ತಿನ್ನುವುದು.

ನಕ್ಷತ್ರ ಜೋರಾಗಿ ಮಿನುಗುತ್ತಿದೆ, ಇವತ್ತು ಒಳ್ಳೆ ರಾತ್ರಿ ಅನ್ನುತ್ತಾರೆ ಕೆಲವರು. ಮೇಲಿನ ಗಾಳಿ ಕದಡಿದೆ ಅನ್ನುವುದಕ್ಕೆ ಗುರುತು ಅದು. ಬರಿಗಣ್ಣಿಗೆ ನಷ್ಟ ಇಲ್ಲ, ಟೆಲಿಸ್ಕೋಪಿನಲ್ಲಿ ಗುರು, ಶನಿ ನೋಡುವವರಿಗೆ ಮಾತ್ರ ಅಂಥ ರಾತ್ರಿ ಬೇಡ.

ಹಂತ 8: ಸಾಮಾನು

ಟೆಲಿಸ್ಕೋಪ್ ಬೇಡ. ಮೊದಲ ಒಂದು ವರ್ಷ ಅದರ ಯೋಚನೆಯನ್ನೇ ಮಾಡಬೇಡಿ. 7x50 ಅಥವಾ 10x50 ಬೈನಾಕ್ಯುಲರ್ (ಏಳು ಅಥವಾ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿಲಿಮೀಟರ್ ಗಾಜಿನದು) ಸಿಕ್ಕರೆ ಸಾಕು, ಇಲ್ಲದಿದ್ದರೂ ನಡೆಯುತ್ತದೆ.

ಎರಡು ಟಾರ್ಚ್ ಬೇಕು. ಒಂದು ಬಿಳಿಯದು ನಡೆಯಲು. ಇನ್ನೊಂದಕ್ಕೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕೆಂಪು ಜಿಲೆಟಿನ್ ಪೇಪರ್ ಮೂರು ನಾಲ್ಕು ಪದರ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ, ಮಂದ ಕೆಂಪು ಬೆಳಕು ಕತ್ತಲಿಗೆ ಹೊಂದಿದ ಕಣ್ಣನ್ನು ಅಷ್ಟಾಗಿ ಕೆಡಿಸುವುದಿಲ್ಲ. ಅಂಗೈ ಮೇಲೆ ಹಿಡಿದರೆ ಗೆರೆ ಕಾಣುವಷ್ಟು ಬೆಳಕಿದ್ದರೆ ಸರಿ, ಅದಕ್ಕಿಂತ ಜಾಸ್ತಿಯಾದರೆ ಇನ್ನೊಂದು ಪದರ. ಚಾಪೆ, ಅದರ ಮೇಲೆ ಜಮಖಾನ, ಹೊದೆಯಲು ಕಂಬಳಿ. ಡಿಸೆಂಬರಿನಲ್ಲಿ ಹಿರಿಯೂರು ಸೀಮೆಯ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಓಡಾಡುವವರಿಗೆ ಅದು ಚಳಿಯೇ ಅಲ್ಲ, ಅಲುಗಾಡದೆ ಮಲಗಿರುವವರಿಗೆ ಮೂಳೆಗೆ ಇಳಿಯುತ್ತದೆ. ಕಿವಿಗೆ ಮಫ್ಲರ್, ಫ್ಲಾಸ್ಕಿನಲ್ಲಿ ಟೀ, ನೀರು, ಸೊಳ್ಳೆ ಕ್ರೀಮ್. ನಿಂತು ತಲೆ ಎತ್ತಿ ನೋಡಬೇಡಿ, ಕಾಲು ಗಂಟೆಗೆ ಕತ್ತು ಹಿಡಿಯುತ್ತದೆ.

ಸ್ಟೆಲೇರಿಯಂ ಥರದ, ಆಕಾಶದ ನಕ್ಷೆ ತೋರಿಸುವ ಆ್ಯಪನ್ನು ಮನೆಯಲ್ಲೇ ಹಾಕಿಕೊಂಡು, ಆ ರಾತ್ರಿ ಎಷ್ಟು ಹೊತ್ತಿಗೆ ಏನು ಎಲ್ಲಿರುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೊಲದಲ್ಲಿ ಫೋನ್ ತೆಗೆಯುವುದು ಕಮ್ಮಿಯಾಗುತ್ತದೆ.

ಹಂತ 9: ಅಲ್ಲಿ ಮೊದಲ ಅರ್ಧ ಗಂಟೆ

ಸೂರ್ಯ ಮುಳುಗಿದ ಮೇಲೆ ಪೂರ್ತಿ ಕತ್ತಲಾಗಲು ನಮ್ಮಲ್ಲಿ ಸುಮಾರು ಒಂದೂಕಾಲು ಗಂಟೆ ಬೇಕು. ಡಿಸೆಂಬರಿನಲ್ಲಿ ಏಳೂಕಾಲು, ಮೇ ತಿಂಗಳಲ್ಲಿ ಎಂಟರ ಹತ್ತಿರ. ಬೆಳಕಿರುವಾಗಲೇ ತಲುಪಿ ಚಾಪೆ ಹಾಸಿ.

ಕಣ್ಣು ಕತ್ತಲಿಗೆ ಹೊಂದಲು 20ರಿಂದ 30 ನಿಮಿಷ ಬೇಕು. ಮಧ್ಯೆ ಯಾರೋ ಒಬ್ಬರು ವಾಟ್ಸ್ಆ್ಯಪ್ ನೋಡಿದರೆ, ಕಾರಿನ ಬಾಗಿಲು ತೆಗೆದು ಒಳಗಿನ ದೀಪ ಹತ್ತಿದರೆ ಎಲ್ಲರ ಕಣ್ಣೂ ಮತ್ತೆ ಮೊದಲಿನಿಂದ. ಹೋಗುವ ಮೊದಲೇ ಕಾರಿನ ಒಳದೀಪ ಆಫ್ ಮಾಡಿಡಿ, ಫೋನ್ ಎಲ್ಲ ಒಂದು ಚೀಲಕ್ಕೆ ಹಾಕಿ. "ಹೋದೆವು, ಏನೂ ಕಾಣಲಿಲ್ಲ" ಅನ್ನುವ ಎಷ್ಟೋ ರಾತ್ರಿಗಳು ಬರೀ ಇದರಿಂದ ಹಾಳಾಗಿರುತ್ತವೆ.

ಮಸುಕಾದದ್ದನ್ನು ನೇರ ನೋಡಬೇಡಿ. ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟು ಕಣ್ಣಂಚಿನಿಂದ ನೋಡಿ. ಮಂದ ಬೆಳಕು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇರುವುದಿಲ್ಲ, ಸುತ್ತ ಇರುತ್ತವೆ.

ಹಂತ 10: ಜಾಗ ನಿಜಕ್ಕೂ ಚೆನ್ನಾಗಿದೆಯೇ ಅಂತ ಪರೀಕ್ಷೆ

ವಿದೇಶದ ಬರಹಗಳಲ್ಲಿ ಧ್ರುವ ನಕ್ಷತ್ರದ ಸುತ್ತಲಿನ ಲಘು ಸಪ್ತರ್ಷಿ ಮಂಡಲದ ನಕ್ಷತ್ರ ಎಣಿಸಿ ಅಂತ ಇರುತ್ತದೆ. ನಮಗೆ ಅದು ಹೊಂದುವುದಿಲ್ಲ. ಇಲ್ಲಿ ಅದು ಅಂಚಿಗೆ ಅಂಟಿಕೊಂಡಿರುತ್ತದೆ, ಊರೂ ಅದೇ ದಿಕ್ಕಿನಲ್ಲಿದೆ. ನಮ್ಮ ನೆತ್ತಿ ಮೇಲೆ ಬರುವುದನ್ನೇ ಎಣಿಸೋಣ.

ನವೆಂಬರ್, ಡಿಸೆಂಬರಿನಲ್ಲಿ ಪೂರ್ವಾಭಾದ್ರೆಯ ಎರಡು, ಉತ್ತರಾಭಾದ್ರೆಯ ಎರಡು ನಕ್ಷತ್ರ ಸೇರಿ ಒಂದು ದೊಡ್ಡ ಚೌಕ ಆಗುತ್ತದೆ. ಅದರ ಒಳಗೆ ಒಂದೂ ಕಾಣದಿದ್ದರೆ ನೀವಿನ್ನೂ ಊರಿನ ಬೆಳಕಲ್ಲೇ ಇದ್ದೀರಿ. ನಾಲ್ಕೈದು ಕಂಡರೆ ಪರವಾಗಿಲ್ಲ. ಹತ್ತು ದಾಟಿದರೆ ತುಂಬ ಒಳ್ಳೆ ಜಾಗ. ಕೃತ್ತಿಕೆಯಲ್ಲಿ ಆರು ಬಿಡಿಬಿಡಿಯಾಗಿ ಕಾಣಬೇಕು. ಫೆಬ್ರವರಿಯಿಂದ ಏಪ್ರಿಲ್ ತನಕ ಪುಷ್ಯ ನಕ್ಷತ್ರದ ಹತ್ತಿರ ಬರಿಗಣ್ಣಿಗೆ ಒಂದು ಮಸುಕು ಮಚ್ಚೆ ಕಾಣುತ್ತದೆಯೇ ನೋಡಿ. ಅದು ನಕ್ಷತ್ರಗುಚ್ಛ, ಊರಲ್ಲಿ ಕಾಣುವುದಿಲ್ಲ. ಅದೇ ತಿಂಗಳುಗಳಲ್ಲಿ ಕತ್ತಲಾದ ಕೂಡಲೇ ಪಶ್ಚಿಮದಲ್ಲಿ ಗೋಪುರದ ಹಾಗೆ ಮೇಲೆದ್ದ ಮಂದ ಬೆಳಕು ಕಂಡರೆ ಊರಿನ ದೀಪ ಅಂದುಕೊಳ್ಳಬೇಡಿ. ಗ್ರಹಗಳ ನಡುವಿನ ಧೂಳಿನ ಮೇಲೆ ಬಿದ್ದ ಬಿಸಿಲು ಅದು, ರಾಶಿಚಕ್ರದ ಬೆಳಕು. ಅದು ಕಂಡಿತು ಅಂದರೆ ಆ ಕಡೆ ನಿಜವಾದ ಕತ್ತಲಿದೆ.

ಇನ್ನೊಂದು ಸುಲಭದ ಗುರುತು ಮೋಡದ್ದು. ಒಂದು ತುಂಡು ಮೋಡ ಹಾದುಹೋದಾಗ ಅದು ಬೂದು ಬಿಳಿಯಾಗಿ ಕಂಡರೆ ಕೆಳಗಿನ ದೀಪ ಅದಕ್ಕೆ ತಾಗುತ್ತಿದೆ. ಕಪ್ಪಗೆ, ನಕ್ಷತ್ರಗಳ ನಡುವೆ ತೂತು ಬಿದ್ದ ಹಾಗೆ ಕಂಡರೆ ಒಳ್ಳೆ ಜಾಗಕ್ಕೆ ಬಂದಿದ್ದೀರಿ.

ಎದ್ದು ಹೊರಡಬೇಕಾದ ಸೂಚನೆಗಳು

ನಾಯಿಗಳು ಒಂದೇ ದಿಕ್ಕಿಗೆ ಬಿಡದೆ ಬೊಗಳತೊಡಗಿದರೆ, ಹತ್ತಿರದ ಹಟ್ಟಿಯ ಕುರಿಗಳು ಗಾಬರಿಯಾದರೆ, ಕುಡಿದ ಗುಂಪು ಬಂದು ಮಾತಿಗೆಳೆದರೆ, ಕೂಡಲೇ ಗಾಡಿ ಹತ್ತಿ. ದೂರದಲ್ಲಿ ಮಿಂಚು ಕಂಡು ಗುಡುಗು ಕೇಳಿಸಿದರೂ ಅಷ್ಟೇ, ಬಯಲಲ್ಲಿ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಬೈನಾಕ್ಯುಲರ್ ಗಾಜು ಒದ್ದೆಯಾಗತೊಡಗಿದರೆ ಬಟ್ಟೆಯಿಂದ ಉಜ್ಜಬೇಡಿ, ಮುಚ್ಚಿ ಚೀಲಕ್ಕೆ ಹಾಕಿ. ಇಬ್ಬನಿ ಶುರುವಾದ ಮೇಲೆ ಬರಿಗಣ್ಣಿಗಷ್ಟೇ ಕೆಲಸ. ರಾತ್ರಿ ಎರಡರ ಮೇಲೆ ಕಣ್ಣು ಎಳೆಯುತ್ತಿದ್ದರೆ ಗಾಡಿ ಓಡಿಸಬೇಡಿ, ಊರಲ್ಲಿ ಪರಿಚಯದ ಮನೆ ಜಗಲಿ ಮೇಲೆ ಮಲಗಿ ಬೆಳಗ್ಗೆ ಹೊರಡಿ.

ಮನೆಗೆ ಬಂದ ಮೇಲೆ ನಾಲ್ಕು ಸಾಲು ಬರೆದಿಡಿ: ತಿಥಿ, ಜಾಗ, ಚೌಕದ ಒಳಗೆ ಎಷ್ಟು ನಕ್ಷತ್ರ, ಯಾವ ದಿಕ್ಕಿನಲ್ಲಿ ಯಾವ ದೀಪ. ಎಣಿಕೆ ಕಮ್ಮಿ ಬಂದಿದ್ದರೆ ಜಾಗ ಬದಲಿಸುವ ಮೊದಲು ಅಲ್ಲಿಗೇ ಇನ್ನೊಮ್ಮೆ, ಮಳೆ ಬಿದ್ದು ಹೋದ ಮರುದಿನ ಹೋಗಿ ನೋಡಿ, ಆ ಸಲದ ದೋಷ ಧೂಳಿನದ್ದೂ ಇರಬಹುದು. ಎರಡನೇ ಸಲವೂ ಅಷ್ಟೇ ಬಂದರೆ ಅದೇ ದಿಕ್ಕಿನಲ್ಲಿ ಇನ್ನು ಐದು ಕಿಲೋಮೀಟರ್ ಮುಂದಕ್ಕೆ ಹೊಸ ಹೊಲ ಹುಡುಕಿ, ಐದನೇ ಹಂತದಿಂದ ಮತ್ತೆ ಶುರು ಮಾಡಿ.